ಅಬ್ಸಲ್ಯೂಟ್ಲಿಗೆ ಜೋಡಿ ಹುಡುಕಿದ ಮೇಷ್ಟ್ರು

9ನೇ ಕ್ಲಾಸಿನಲ್ಲಿ ನನಗೊಂದು ಪದ ಸಿಕ್ಕಿತ್ತು, 'ಅಬ್ಸಲ್ಯೂಟ್ಲಿ'. ಯಾರೋ ದೊಡ್ಡವರು ಮಾತಾಡುವಾಗ ಕಿವಿಗೆ ಬಿದ್ದದ್ದು. ಬಾಯಲ್ಲಿ ಹೇಳಿಕೊಂಡರೆ ಅದಕ್ಕೇ ಒಂದು ಗತ್ತು. 'ವೆರಿ' ಎಲ್ಲರಿಗೂ ಗೊತ್ತಿತ್ತು. ಇದು ನನ್ನೊಬ್ಬಳದು ಅನ್ನಿಸಿತು.

ಅದೇ ವಾರ ಪ್ರವಾಸದ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಬೇಕಿತ್ತು. ಒಂದೂವರೆ ಪುಟದಲ್ಲಿ ಏಳು ಕಡೆ ಆ ಪದ ಹಾಕಿದೆ. ಬೆಟ್ಟ ಅಬ್ಸಲ್ಯೂಟ್ಲಿ ಬಿಗ್. ನೀರು ಅಬ್ಸಲ್ಯೂಟ್ಲಿ ಕೋಲ್ಡ್. ಸಂಜೆ ಹೊತ್ತಿಗೆ ನಾವೆಲ್ಲ ಅಬ್ಸಲ್ಯೂಟ್ಲಿ ಟಯರ್ಡ್.

ನೋಟ್‌ಬುಕ್ ವಾಪಸ್ ಬಂದಾಗ ಏಳು ಕಡೆಯೂ ಕೆಂಪು ಶಾಯಿ. ಆದರೆ ನಮ್ಮ ಇಂಗ್ಲಿಷ್ ಮೇಷ್ಟ್ರು ಒಂದೇ ಒಂದು ಅಬ್ಸಲ್ಯೂಟ್ಲಿಯನ್ನೂ ಹೊಡೆದು ಹಾಕಿರಲಿಲ್ಲ. ಅದರ ಪಕ್ಕದ ಪದವನ್ನು ಹೊಡೆದಿದ್ದರು. ಬಿಗ್ ಹೋಗಿ 'ಎನಾರ್ಮಸ್' ಆಗಿತ್ತು. ಕೋಲ್ಡ್ ಇದ್ದಲ್ಲಿ 'ಫ್ರೀಜಿಂಗ್', ಟಯರ್ಡ್ ಇದ್ದಲ್ಲಿ 'ಎಕ್ಸಾಸ್ಟೆಡ್'. ಕೆಳಗೆ ಕನ್ನಡದಲ್ಲಿ ಒಂದು ಸಾಲು: 'ಪದ ಚೆನ್ನಾಗಿದೆ, ಜೋಡಿ ಸರಿ ಇಲ್ಲ.'

ಸ್ಟಾಫ್ ರೂಮಿಗೆ ಹೋಗಿ ಕೇಳಿದೆ. "ನಾಳೆ ಕ್ಲಾಸಲ್ಲೇ ಹೇಳ್ತೀನಮ್ಮ, ಎಲ್ಲರಿಗೂ ಬೇಕಾದ್ದು" ಅಂದರು.

ಮಾರನೇ ದಿನ ಒಂದು ಗಾಜಿನ ಲೋಟದಲ್ಲಿ ನೀರು ತಂದು ಮೇಜಿನ ಮೇಲಿಟ್ಟರು. ನಮ್ಮ ಮುಂದೆಯೇ ಗಟಗಟ ಕುಡಿದರು. ಲೋಟ ಎತ್ತಿ ತೋರಿಸಿ, "ಈಗ?" ಅಂದರು. "ಎಂಪ್ಟಿ" ಅಂದೆವು. ತಳದಲ್ಲಿ ಒಂದು ಹನಿ ಇನ್ನೂ ಅತ್ತಿತ್ತ ಜಾರುತ್ತಿತ್ತು. ಲೋಟ ಬೋರಲು ಹಾಕಿ ಹಿಡಿದರು. ಹನಿ ಅಂಚಿಗೆ ಬಂತು, ಸ್ವಲ್ಪ ಹೊತ್ತು ನೇತಾಡಿತು, ಮೇಜಿನ ಮೇಲೆ ಬಿತ್ತು. ಲೋಟದ ಒಳಗನ್ನು ಕರ್ಚೀಫಿನಿಂದ ಒರೆಸಿ, "ಈಗ ಅಬ್ಸಲ್ಯೂಟ್ಲಿ ಎಂಪ್ಟಿ" ಅಂದರು.

ಆಮೇಲೆ ಬೋರ್ಡಿನ ಮೇಲೆ ಮೆಟ್ಟಿಲು ಬರೆದರು. ಕೋಲ್ಡ್, ಬಿಗ್, ಟಯರ್ಡ್ ಇವೆಲ್ಲ ಮೆಟ್ಟಿಲು ಇರುವ ಪದಗಳು. ಎಷ್ಟು ಹತ್ತಿದರೂ ಮೇಲೆ ಇನ್ನೊಂದು ಮೆಟ್ಟಿಲು ಇರುತ್ತದೆ. ಹತ್ತೋದು ವೆರಿಯ ಕೆಲಸ. ಮೆಟ್ಟಿಲು ಮುಗಿದ ಜಾಗದಲ್ಲಿ ಮಾತ್ರ ಅಬ್ಸಲ್ಯೂಟ್ಲಿ ನಿಲ್ಲುತ್ತದೆ. ಎಂಪ್ಟಿ, ಇಂಪಾಸಿಬಲ್ ಅಂಥ ಜಾಗದ ಪದಗಳು. ಫ್ರೀಜಿಂಗ್, ಫ್ಯೂರಿಯಸ್ ಕೂಡ ಮೇಲೇ ಕೂತಿವೆ. "ಫ್ರೀಜಿಂಗ್ ಒಳಗೆ ವೆರಿ ಆಗಲೇ ಸೇರಿಕೊಂಡಿದೆ, ಮತ್ತೆ ಯಾಕೆ ಹಾಕ್ತೀರಿ?" ಅಂದರು. ವೆರಿ ಫ್ರೀಜಿಂಗ್ ಯಾಕೆ ಕಿವಿಗೆ ಒಗ್ಗುವುದಿಲ್ಲ ಅಂತ ಅವತ್ತೇ ಗೊತ್ತಾಯಿತು. 'ರಿಯಲಿ' ಮಾತ್ರ ಎರಡೂ ಕಡೆ ಹೋಗುತ್ತದಂತೆ. ರಿಯಲಿ ಕೋಲ್ಡ್ ಸರಿ, ರಿಯಲಿ ಫ್ರೀಜಿಂಗ್ ಕೂಡ ಸರಿ. ಪದದ ಹುಟ್ಟನ್ನೂ ಹೇಳಿದರು. ಅಬ್ಸಲ್ಯೂಟ್ ಲ್ಯಾಟಿನ್‌ನಿಂದ ಬಂದದ್ದು, ಅಲ್ಲಿ ಅದರ ಮೂಲ ಕಟ್ಟು ಬಿಚ್ಚುವುದು, ಬಿಡಿಸುವುದು. ಯಾವ ಕಟ್ಟೂ ಇಲ್ಲದ್ದು, ಪೂರ್ತಿಯಾದದ್ದು ಅನ್ನುವ ಅರ್ಥ ಅಲ್ಲಿಂದ ಬಂತು.

"ಯಾವುದಕ್ಕೆ ಯಾವುದು ಜೋಡಿ ಅಂತ ನಮಗೆ ಹೇಗೆ ಗೊತ್ತಾಗಬೇಕು ಸಾರ್?" ಅಂತ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ.

ಮೇಷ್ಟ್ರು ಕನ್ನಡಕ್ಕೆ ಬಂದರು. "ಮೊಟ್ಟಮೊದಲು ಅಂತೀಯಲ್ಲ, ಮೊಟ್ಟಕಡೆ ಅಂತೀಯಾ?" ಇಡೀ ಕ್ಲಾಸು ನಕ್ಕಿತು. "ಯಾಕೆ ನಕ್ಕಿರಿ? ಕಡೆಗೆ ಕಟ್ಟ ಬೇಕು. ನಡುವಿಗೆ ನಟ್ಟ, ಬಯಲಿಗೆ ಬಟ್ಟ, ತುದಿಗೆ ತುತ್ತ. ತಪ್ಪಾದ ಕೂಡಲೇ ನಿಮ್ಮ ಕಿವಿ ಹಿಡಿದುಬಿಡ್ತು. ಇಂಗ್ಲಿಷಿಗೂ ಅಂಥ ಕಿವಿ ಬೇಕು. ಓದ್ತಾ ಓದ್ತಾ ಬರುತ್ತೆ."

ಇವು ಎರಡೂ ಪೂರ್ತಿ ಒಂದೇ ಅಲ್ಲ ಅಂತ ಈಗ ನನಗೆ ಗೊತ್ತು. ಕನ್ನಡದಲ್ಲಿ ಆ ಪದವೇ ಎರಡು ಸಲ ಬಂದು ಮೊದಲನೆಯದು ರೂಪ ಬದಲಿಸಿಕೊಳ್ಳುತ್ತದೆ, ವ್ಯಾಕರಣದಲ್ಲಿ ದ್ವಿರುಕ್ತಿ ಅಂತಾರಲ್ಲ, ಅದು. ಇಂಗ್ಲಿಷಿನಲ್ಲಿ ಬೇರೆ ಪದ ಬಂದು ಮುಂದೆ ನಿಲ್ಲುತ್ತದೆ. ಆದರೆ ಕಿವಿಯ ಮಾತು ನಿಜ. ಅವತ್ತಿನಿಂದ ಓದುವಾಗ ಜೋಡಿಗಳನ್ನು ಗುರುತು ಹಾಕಿಕೊಳ್ಳೋದು ಶುರುಮಾಡಿದೆ. ಅಬ್ಸಲ್ಯೂಟ್ಲಿ ಎಸೆನ್ಷಿಯಲ್ ಇದೆ, ಅಬ್ಸಲ್ಯೂಟ್ಲಿ ಇಂಪಾರ್ಟೆಂಟ್ ಕಾಣಿಸೋದು ಅಪರೂಪ. ಐ ಅಬ್ಸಲ್ಯೂಟ್ಲಿ ಲವ್ ಇಟ್ ಅಂತಾರೆ, ಅದೇ ಜಾಗದಲ್ಲಿ ಲೈಕ್ ಹಾಕಲ್ಲ. 'ನಾಟ್ ಅಬ್ಸಲ್ಯೂಟ್ಲಿ' ಅಂದರೆ ಪೂರ್ತಿ ಅಲ್ಲ, ಸ್ವಲ್ಪ ಅನುಮಾನ ಇದೆ ಅಂತ. ಅದನ್ನೇ ತಿರುಗಿಸಿ 'ಅಬ್ಸಲ್ಯೂಟ್ಲಿ ನಾಟ್' ಅಂದರೆ ಸುತರಾಂ ಇಲ್ಲ. ಎರಡೇ ಪದ, ಜಾಗ ಬದಲಾದರೆ ಉತ್ತರವೇ ಬೇರೆ!

ಇಷ್ಟೆಲ್ಲ ಕಲಿತ ಮೇಲೂ ಕೆಲಸಕ್ಕೆ ಸೇರಿದ ಮೇಲೆ ಒಂದು ಕಡೆ ಎಡವಿದೆ. ನನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳಿಗೆ ಶಿಫಾರಸು ಪತ್ರ ಕೊಡಬೇಕಿತ್ತು. ತುಂಬ ಜಾಣೆ, ಮನಸ್ಸಿಟ್ಟು ಕೆಲಸ ಮಾಡುವವಳು. ಜೋರಾಗಿ ಹೊಗಳಬೇಕು ಅಂತಲೇ 'ಹರ್ ವರ್ಕ್ ಈಸ್ ಕ್ವೈಟ್ ಗುಡ್' ಅಂತ ಬರೆದೆ. ಪತ್ರ ಓದಿದ ಹಿರಿಯರೊಬ್ಬರು ನನ್ನನ್ನು ಕರೆದು, "ಆ ಹುಡುಗಿ ಕೆಲಸ ಅಷ್ಟಕ್ಕಷ್ಟೇನಾ?" ಅಂತ ಕೇಳಿದರು. ಎದೆ ಝಲ್ಲೆಂದಿತು. ಒಂದು ಪದದಿಂದ ಅವಳಿಗೆ ಅನ್ಯಾಯ ಆಗುತ್ತಿತ್ತು. ಕೂಡಲೇ ಪತ್ರ ವಾಪಸ್ ತಗೊಂಡು ಬೇರೆ ಬರೆದೆ.

ಮೇಷ್ಟ್ರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಒಂದು ಭಾನುವಾರ ಅವರ ಮನೆಗೆ ಹೋಗಿ ಈ ಕ್ವೈಟ್ ವಿಷಯ ಕೇಳಿದೆ.

"ಮೆಟ್ಟಿಲು ಮರೆತುಬಿಟ್ಯಾ?" ಅಂದರು. "ಕ್ವೈಟ್ ಇಂಪಾಸಿಬಲ್ ಅಂದರೆ ಪೂರ್ತಿ ಅಸಾಧ್ಯ. ಅದು ಮೇಲೆ ಕೂತ ಪದ. ಗುಡ್ ಮೆಟ್ಟಿಲಿರೋ ಪದ. ಅದರ ಮುಂದೆ ಕ್ವೈಟ್ ಬಂದರೆ ಬ್ರಿಟಿಷರ ಕಿವಿಗೆ ಪರವಾಗಿಲ್ಲ ಅಂತಷ್ಟೇ ಕೇಳುತ್ತೆ. ಅಮೆರಿಕದವರು ಅದನ್ನೇ ಹೊಗಳಿಕೆಯಾಗಿ ಹೇಳೋದುಂಟು. ಅದಕ್ಕೇ ಪತ್ರದಲ್ಲಿ ಹುಷಾರಾಗಿರಬೇಕು."

ಸ್ವಲ್ಪ ಹೊತ್ತು ಬಿಟ್ಟು, "ಎರಡನೇ ಪತ್ರದಲ್ಲಿ ಏನು ಬರೆದೆ?" ಅಂತ ಕೇಳಿದರು.

"ಎಕ್ಸಲೆಂಟ್ ಅಂತ."

"ಮುಂದೆ ಏನು ಹಾಕಿದೆ?"

"ಏನೂ ಹಾಕಲಿಲ್ಲ ಸಾರ್."

"ಸರಿ" ಅಂದರು. ಕಾಲೇಜಿಗೆ ಹೋಗುತ್ತಿದ್ದ ಮೊಮ್ಮಗಳನ್ನು ಒಳಗಿಂದ ಕರೆದು, "ನಾನು ಹೇಳ್ತಿದ್ದೆನಲ್ಲ, ಪ್ರಬಂಧದಲ್ಲಿ ಏಳು ಕಡೆ ಹಾಕಿದ್ದ ಹುಡುಗಿ, ಇವಳೇ ನೋಡು" ಅಂತ ಪರಿಚಯ ಮಾಡಿಸಿದರು. ಏಳು ಅನ್ನುವುದು ಅವರಿಗೆ ನೆನಪಿತ್ತು.