ಶಿರಸಿ ಸಾಯಿಲ್ 4

2022ರಲ್ಲಿ ನಮ್ಮ ಲ್ಯಾಬಿನ ಪೇಟೆಂಟ್ ಫೈಲ್ ಒಂದು ವಾಪಸ್ ಬಂತು. ತಪ್ಪು ನಮ್ದೇ. ಅಡಿಕೆ ತೋಟದ ಮಣ್ಣಲ್ಲಿ ಸಿಕ್ಕಿದ ಒಂದು ಬ್ಯಾಕ್ಟೀರಿಯಾ, ಕೊಳೆರೋಗಕ್ಕೆ ಉಪಯೋಗ ಆಗುತ್ತೇನೋ ಅಂತ ಎರಡು ವರ್ಷ ಅದರ ಹಿಂದೆ ಬಿದ್ದಿದ್ವಿ, ಪೇಟೆಂಟಿಗೆ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಕೇಳೋ ಫಾರ್ಮ್ 3 ತುಂಬೋವಾಗ ನೋಡಿದ್ರೆ ಇದನ್ನ ಎಲ್ಲಿಂದ ತಂದ್ರಿ ಅಂತ ಒಂದು ಕಾಲಂ, ಟ್ಯೂಬ್ ಮೇಲೆ ಮಾರ್ಕರಲ್ಲಿ ಬರೆದಿದ್ದು ಬರೀ "ಶಿರಸಿ ಸಾಯಿಲ್ 4". ಯಾವ ಊರು, ಯಾರ ತೋಟ, ಯಾರಿಗೂ ನೆನಪಿಲ್ಲ. ತಂದ ಹುಡುಗ ಕೆಲಸ ಬಿಟ್ಟು ಹೋಗಿಯೂ ಆಗಿತ್ತು.

ಅದಕ್ಕೇ 2023ರ ಜೀವವೈವಿಧ್ಯ ತಿದ್ದುಪಡಿ ಕಾಯ್ದೆ ಪಾಸಾದಾಗ ಲ್ಯಾಬಲ್ಲಿ ಎಲ್ರಿಗೂ ಖುಷಿಯೋ ಖುಷಿ. ಸಂಶೋಧನೆ ಸಲೀಸಾಗ್ಬೇಕು, ಪೇಟೆಂಟ್ ಬೇಗ ಸಿಗ್ಬೇಕು, ಹೊರಗಿನ ದುಡ್ಡು ಬರ್ಬೇಕು ಅಂತ ಮಸೂದೆಯ ಉದ್ದೇಶದಲ್ಲೇ ಬರ್ದಿದ್ರು. 2024ರ ಏಪ್ರಿಲ್ 1ರಿಂದ ಜಾರಿ. 2002ರ ಮೂಲ ಕಾಯ್ದೆ ಪ್ರಕಾರ ಪೇಟೆಂಟಿಗೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕೇ ಬೇಕಿತ್ತು, ಈಗ ನಮ್ಮಂಥ ದೇಶೀ ಕಂಪನಿಗಳು ಪೇಟೆಂಟ್ ಸಿಗೋ ಮೊದಲು ಅಲ್ಲಿ ನೋಂದಾಯಿಸಿಕೊಂಡ್ರೆ ಸಾಕು, ಒಪ್ಪಿಗೆ ತಗೋಬೇಕಾಗಿರೋದು ಮಾರ್ಕೆಟ್ಟಿಗೆ ಇಳಿಸೋವಾಗ. ಸಣ್ಣ ಸ್ಟಾರ್ಟಪ್‌ಗೆ ಇದು ಎಷ್ಟು ದೊಡ್ಡದು ಅಂತ ಇನ್ವೆಸ್ಟರ್ ಮುಂದೆ ಕೂತವರಿಗೆ ಗೊತ್ತು, ಅವರ ಮೊದಲ ಪ್ರಶ್ನೆನೇ ಪೇಟೆಂಟ್ ಎಲ್ಲಿಗ್ ಬಂತು ಅಂತ.

ಆದ್ರೆ ನಾನು ಉಡುಪಿ ಹತ್ರದ ಕಟಪಾಡಿ ಕಡೆಯವನು. ಅಲ್ಲಿನ ಮಟ್ಟು ಊರಿನ ಬದನೆ ಮಟ್ಟುಗುಳ್ಳ ತಿಂದು ಬೆಳೆದವನು, ತಿಳಿಹಸಿರು ಬಣ್ಣ, ತೆಳು ಸಿಪ್ಪೆ, ಬೋಳು ಹುಳಿಗೆ ಹಾಕಿದ್ರೆ ಬೆಣ್ಣೆ ಥರ ಕರಗುತ್ತೆ (ಬೇರೆ ಬದನೆ ಹಾಕಿದ್ರೆ ಅಮ್ಮ ಅದನ್ನ ಹುಳಿ ಅಂತಾನೇ ಒಪ್ಪಲ್ಲ). ವಾದಿರಾಜರು ಬೀಜ ಕೊಟ್ರು ಅಂತ ಊರಲ್ಲಿ ಕಥೆ, 2011ರಲ್ಲಿ ಇದು ಈ ಊರಿನದೇ ಅಂತ ಗುರುತಿಸೋ ಜಿಐ ಟ್ಯಾಗೂ ಬಂತು. ಕುಲಾಂತರಿ ಬಿಟಿ ಬದನೆ ಗಲಾಟೆ ನೆನಪಿದ್ಯಲ್ಲ, 2010ರ ಫೆಬ್ರವರಿಯಲ್ಲಿ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ತಡೆ ಹಾಕಿದ್ದು? ಕರ್ನಾಟಕದ ಆರು ಬದನೆ ತಳಿಗಳನ್ನ ಯಾರನ್ನೂ ಕೇಳದೆ ಆ ಕೆಲಸಕ್ಕೆ ಬಳಸ್ಕೊಂಡ್ರು ಅಂತ ದೂರು ಹೋಗಿದ್ದು ಕೂಡ ಅದೇ ತಿಂಗಳು. ಮಲಾಪುರ ಲೋಕಲ್, ಕುಡಚಿ ಲೋಕಲ್, ಮಂಜರಿ ಗೋಟಾ ಜೊತೆ ಉಡುಪಿ ಲೋಕಲ್ ಅಂತ ಒಂದಿತ್ತು ಆ ಪಟ್ಟಿಯಲ್ಲಿ. ಅದು ನಮ್ಮ ಗುಳ್ಳನೇ. 2012ರಲ್ಲಿ ಧಾರವಾಡದ ಕೋರ್ಟಿಗೆ ಕ್ರಿಮಿನಲ್ ಕೇಸ್ ಹೋಯ್ತು, ಆಗ ಈ ಕಾಯ್ದೆಯಲ್ಲಿ 5 ವರ್ಷದ ತನಕ ಜೈಲಿತ್ತು, ಜಾಮೀನಿಲ್ಲದ ಅಪರಾಧ.

ಹೊಸ ಕಾಯ್ದೆಯಲ್ಲಿ ಆ ಜೈಲು ಪೂರ್ತಿ ತೆಗೆದ್ರು. 1 ಲಕ್ಷದಿಂದ 50 ಲಕ್ಷದವರೆಗೆ ದಂಡ, ಹಾನಿ ಜಾಸ್ತಿ ಆಗಿದ್ರೆ ಅದಕ್ಕೆ ತಕ್ಕಷ್ಟು, ತಪ್ಪು ಮುಂದುವರಿಸಿದ್ರೆ ಇನ್ನೊಂದು 1 ಕೋಟಿ ತನಕ. ಅದನ್ನ ತೀರ್ಮಾನ ಮಾಡೋದೂ ಕೋರ್ಟಲ್ಲ, ಒಬ್ಬ ಅಧಿಕಾರಿ. ನಮ್ಮಂಥ ಸಣ್ಣ ಲ್ಯಾಬಿಗೆ 1 ಲಕ್ಷ ಅಂದ್ರೂ ಎದೆ ಢವ ಅನ್ನುತ್ತೆ, ದೊಡ್ಡ ಬೀಜದ ಕಂಪನಿಗೆ ಅದು ಒಂದು ಕಾನ್ಫರೆನ್ಸ್ ಊಟದ ಬಿಲ್ಲು. ತಳಿಯಿಂದ ಬರೋ ಲಾಭನ ಊರಿನವರ ಜೊತೆ ಹಂಚ್ಕೊಳ್ಳೋ ಮಾತುಕತೆಯಲ್ಲಿ ಪಂಚಾಯಿತಿಯ ಜೀವವೈವಿಧ್ಯ ಸಮಿತಿ ಪರವಾಗಿ ಪ್ರಾಧಿಕಾರನೇ ಕೂರುತ್ತಂತೆ. ಅಂದ್ರೆ ಗುಳ್ಳ ಬೆಳೆಯೋರು ಮಟ್ಟುವಿನಲ್ಲಿ, ಅವರ ಪರ ಮಾತಾಡೋರು ಚೆನ್ನೈಯಲ್ಲಿ. ಪೇಟೆಂಟ್ ಬೇಗ ಆಗ್ಲಿ ಸ್ವಾಮಿ, ನಂಗೂ ಅದೇ ಬೇಕು, ಆದ್ರೆ ಬೇಗ ಮಾಡೋಕೆ ಬೆಳೆಯೋರನ್ನ ಮಾತುಕತೆಯಿಂದ ಎಬ್ಬಿಸ್ಬೇಕಿತ್ತಾ? ನಿಜ ಹೇಳ್ಬೇಕು ಅಂದ್ರೆ, ಫೈಲ್ ವಾಪಸ್ ಬರ್ದಿದ್ರೆ ಆ ಮಣ್ಣು ಯಾರ ತೋಟದ್ದು ಅಂತ ನಾವೂ ಹುಡುಕ್ತಾ ಇರ್ಲಿಲ್ಲ.

ಹಳೇ ಬಸ್ ಟಿಕೆಟು, ವಾಟ್ಸಾಪ್ ಫೋಟೋ ಎಲ್ಲಾ ಕೆದಕಿ ಕೊನೆಗೂ ತೋಟ ಸಿಕ್ತು, ಶಿರಸಿಯಿಂದ ಸಿದ್ದಾಪುರ ರೋಡಲ್ಲಿ ಒಳಗೆ. ಈಗ ಫ್ರೀಜರ್ ಡಬ್ಬಿ ಮೇಲೆ ಊರು, ತಾರೀಕು, ಯಜಮಾನರ ಹೆಸರು ಎಲ್ಲಾ ಇದೆ. ಅವತ್ತು ಅವರು ಚಾ ಕೊಟ್ಟು ಕೇಳಿದ್ದು ಒಂದೇ, "ಔಷಧಿ ಯಾವಾಗ ಬರ್ತು?" ಇನ್ನೂ ಬಂದಿಲ್ಲ. ಈ ಸಲ ಮಳೆ ಮುಗಿದ ಮೇಲೆ ಹೋಗಿ ಅಷ್ಟಾದ್ರೂ ಹೇಳಿ ಬರ್ಬೇಕು.