ಹಳೇ ಪಿಕಪ್ ‘ಟಕ್’ ಅಂದರೆ ಮೊದಲು ಕ್ರಾಸ್ ನೋಡಿ

ಕೋಲಾರದ ಎಪಿಎಂಸಿಗೆ ಟೊಮೆಟೊ ಬಾಕ್ಸ್ ಹೊತ್ತು ಹೊತ್ತು ಸವೆದ ಪಿಕಪ್ ಹಿಂದಿನಿಂದ ಸದ್ದು ಮಾಡಿದ ಕೂಡಲೇ ಹೌಸಿಂಗ್ (ಹಿಂದಿನ ಆಕ್ಸಲ್ ನಡುವಿನ ಗೇರುಗಳ ಪೆಟ್ಟಿಗೆ) ಬಿಚ್ಚಿಸಬೇಡಿ. ಸದ್ದು ಯಾವಾಗ ಬರುತ್ತೆ ಅನ್ನೋದನ್ನು ಮೊದಲು ಗಮನಿಸಿ.

ರಿವರ್ಸ್‌ನಿಂದ ಫಸ್ಟ್‌ಗೆ ಹಾಕಿ ಕ್ಲಚ್ ಬಿಟ್ಟಾಗ ಒಂದೇ ಸಲ ‘ಟಕ್’ ಅಂದರೆ ಬಹುಪಾಲು ಜಾಯಿಂಟ್ ಶಾಫ್ಟಿನ (ಗೇರ್ ಬಾಕ್ಸಿನಿಂದ ಹೌಸಿಂಗಿಗೆ ಹೋಗುವ ಉದ್ದನೆ ಶಾಫ್ಟ್) ಕ್ರಾಸ್, ಅಂದರೆ ಅದರ ಕೀಲಿನೊಳಗಿನ ಪ್ಲಸ್ ಆಕಾರದ ತುಂಡು, ಸವೆದಿರುತ್ತೆ. ಸಮತಟ್ಟು ಜಾಗದಲ್ಲಿ ಇಂಜಿನ್ ಆಫ್ ಮಾಡಿ, ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿಟ್ಟು ಕೆಳಗೆ ಹೋಗಿ. ಕ್ರಾಸಿನ ಆಚೀಚೆ ಇರುವ ಕವೆಯಾಕಾರದ ಯೋಕ್‌ಗಳನ್ನು ಹಿಡಿದು ಎದುರುಬದುರು ತಿರುಚಿ. ಕೂದಲೆಳೆಯಷ್ಟು ಆಟ ಕೈಗೆ ಸಿಕ್ಕರೂ ಬದಲಿಸಿ. ಕ್ರಾಸಿನ ತುದಿಗಳ ಕಪ್ ಸುತ್ತ ಕೆಂಗಂದು ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಗ್ರೀಸಿಲ್ಲದೆ ತುಕ್ಕು ಹಿಡಿದಿದೆ.

ಶಾಫ್ಟ್ ಬಿಚ್ಚುವ ಮುಂಚೆ ಯೋಕ್, ಅದಕ್ಕೆ ಬೋಲ್ಟ್ ಆಗಿರುವ ಫ್ಲಾಂಜ್ (ತಟ್ಟೆ) ಎರಡರ ಮೇಲೂ ಹಾಯುವಂತೆ ಪೇಂಟ್ ಗೆರೆ ಎಳೆಯಿರಿ (ಸೀಮೆಸುಣ್ಣ ಗ್ರೀಸಿಗೆ ಅಳಿಸಿಹೋಗುತ್ತೆ). ಶಾಫ್ಟ್ ಉದ್ದ ಹೆಚ್ಚುಕಮ್ಮಿ ಆಗಲು ಒಳಗೆ-ಹೊರಗೆ ಜಾರುವ ಯೋಕಿಗೂ ಹಾಗೇ ಮಾಡಿ. ಅದು ತಪ್ಪಾಗಿ ಕೂತರೆ ಹೊಸ ನಡುಕ ಶುರುವಾಗುತ್ತೆ. ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಮೂತಿ) ಇರುವ ಕ್ರಾಸ್ ಆದರೆ ನಾಲ್ಕೂ ಕಪ್‌ಗಳಿಂದ ಹೊರಬರುವ ತನಕ ಗ್ರೀಸ್ ಹೊಡೆಯಿರಿ. ಮೂರರಿಂದ ಮಾತ್ರ ಬಂದರೆ ನಾಲ್ಕನೆಯದು ಒಣಗಿಯೇ ತಿರುಗುತ್ತೆ.

ಗಾಡಿ ಎಳೆಯುವಾಗ ಒಂಥರಾ, ಆಕ್ಸಲರೇಟರ್ ಬಿಟ್ಟಾಗ ಇನ್ನೊಂಥರಾ ಊಳಿಟ್ಟರೆ ಆಗ ಕ್ರೌನ್-ಪಿನಿಯನ್ (ಹೌಸಿಂಗ್ ಒಳಗಿನ ಗೇರ್ ಜೋಡಿ) ಮೇಲೆ ಅನುಮಾನಪಡಿ. ಹೌಸಿಂಗ್ ಆಯಿಲ್ ಇಳಿಸಿ ನೋಡಿ: ಡ್ರೈನ್ ಪ್ಲಗ್‌ನಲ್ಲಿ ಆಯಸ್ಕಾಂತವಿದ್ದರೆ ಅದಕ್ಕಂಟಿದ ಬೂದು ಬಣ್ಣದ ನುಣ್ಣನೆ ಕೆಸರು ಸಹಜ, ಉಗುರಿಗೆ ತಾಕುವ ಚೂರು ಸಹಜವಲ್ಲ. ತಿರುವಿನಲ್ಲಿ ಗುಂಯ್ ಸದ್ದು ಏರಿಳಿದರೆ ಚಕ್ರದ ಬೇರಿಂಗ್.

ಏರಿನಲ್ಲಿ ಇಂಜಿನ್ ಕೂಗಿಯೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಹೊಸ ಪ್ಲೇಟ್ ತರುವ ಮೊದಲು ಪೆಡಲಿನ ಫ್ರೀ ಪ್ಲೇ (ಒತ್ತಿದಾಗ ಮೊದಲು ಸಿಗುವ ಖಾಲಿ ಆಟ) ನೋಡಿ.