ಚಿನ್ನದ ಊರಲ್ಲೂ ಲೈನ್ ಮನೆ

ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲು ಮನೆಯಲ್ಲಿ ಬೆಳೆದವನು ನಾನು. ಅಮ್ಮ ಈಗಲೂ ಆ ತೋಟದ ಪಕ್ಕದಲ್ಲೇ ಇದ್ದಾರೆ. ಕಾಫಿ ಕೊಯ್ಲು ಮುಗಿಸಿ ಬೆಂಗಳೂರಿಗೆ, ಅಕ್ಕನ ಮನೆಗೆ ಬಂದಿದ್ದರು. ಒಂದು ದಿನ ಕೋಲಾರದ ಚಿನ್ನದ ಗಣಿ ಊರು ಕೆಜಿಎಫ್‌ಗೆ ಹೋಗಿ ಬರೋಣ ಎಂದೆ. “ಮುಚ್ಚಿದ ಗಣಿಯಲ್ಲಿ ನೋಡಲಿಕ್ಕೆ ಏನುಂಟು ಮಗ?” ಎಂದರು. ಆದರೂ ಬೆಳಗ್ಗೆ ನಾಲ್ಕಕ್ಕೇ ಎದ್ದು ಅಕ್ಕಿ ರೊಟ್ಟಿ ಸುಟ್ಟು ಡಬ್ಬಿ ಕಟ್ಟಿದ್ದರು.

ನಮ್ಮ ರೈಲು ಖಾಲಿ. ಎದುರಿಂದ ಬಂದ ರೈಲಿನಲ್ಲಿ ಕಾಲಿಡಲು ಜಾಗವಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಜನ ದಿನಾ ಬೆಂಗಳೂರಿಗೆ ಹೋಗಿಯೇ ದುಡಿಯಬೇಕು. ಪಾಳು ಊರು ನೋಡಲು ಹೊರಟಿದ್ದ ನನಗೆ ಅಲ್ಲೇ ಸ್ವಲ್ಪ ನಾಚಿಕೆಯಾಯಿತು.

ಮಾರಿಕುಪ್ಪಂನಲ್ಲಿ ಇಳಿದು ಆಟೋ ಹಿಡಿದೆವು. ಗಣಿಗೆ ಇಳಿಯುವ ಬಾವಿಯ, ಅಂದರೆ ಶಾಫ್ಟ್‌ನ ಕಬ್ಬಿಣದ ಗೋಪುರ ದೂರದಿಂದಲೇ ಕಂಡಿತು, ಒಳಗೆ ಬಿಡಲಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ನಮ್ಮ ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ ಬೆಟ್ಟವನ್ನು ತಲೆಕೆಳಗಾಗಿ ಇಳಿಸಿದರೂ ತಳ ಮುಟ್ಟದು!

ಅಮ್ಮನಿಗೆ ಅದು ಯಾವುದೂ ಬೇಡ. ಅವರ ಕಣ್ಣು ಗಣಿ ಕಾರ್ಮಿಕರ ಲೈನಿನ ಮೇಲೆ. ಒಂದಕ್ಕೊಂದು ಅಂಟಿದ ಪುಟ್ಟ ಮನೆಗಳು, ಬಗ್ಗಿ ಹೋಗಬೇಕಾದ ಬಾಗಿಲು. ದೊರೆಗಳ ಬಂಗ್ಲೆ ಮಾತ್ರ ಬೇರೆ ಕಡೆ, ಮರದ ನೆರಳಲ್ಲಿ. “ಇದು ನಮ್ಮ ತೋಟವೇ ಅಲ್ವಾ? ಕಾಫಿ ಗಿಡ ಒಂದಿಲ್ಲ ಅಷ್ಟೇ” ಎಂದರು. 1880ರಲ್ಲಿ ಇಲ್ಲಿ ಗಣಿ ಶುರು ಮಾಡಿದ ಜಾನ್ ಟೇಲರ್ ಕಂಪನಿಯವರೂ ಇಂಗ್ಲೆಂಡಿನವರೇ ತಾನೇ.

ಬಾಗಿಲಲ್ಲಿ ಕೂತಿದ್ದ ಅಜ್ಜಿಯೊಬ್ಬರ ಜೊತೆ ಅಮ್ಮ ತಮ್ಮ ತೋಟದ ತಮಿಳಿನಲ್ಲಿ ಮಾತಿಗೆ ಕೂತರು. ನಲ್ಲಿ ಎಷ್ಟು ಮನೆಗೆ ಒಂದು, ಕಕ್ಕಸು ಎಲ್ಲಿ, ಇವೇ ಪ್ರಶ್ನೆಗಳು. ಒಳಗೆ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆಗಳೆಲ್ಲ ಗಡಗಡ ಅನ್ನುತ್ತಿದ್ದವಂತೆ. ಆಗ ಹೆಂಗಸರೆಲ್ಲ ಶಾಫ್ಟ್ ಕಡೆಗೆ ಓಡುತ್ತಿದ್ದರಂತೆ. ಅಮ್ಮ ಏನೂ ಹೇಳಲಿಲ್ಲ. ಆ ಅಜ್ಜಿಯ ಕೈ ಹಿಡಿದುಕೊಂಡೇ ಕೂತಿದ್ದರು.

ಊಟಕ್ಕೆ ನಾನು ಆರಿಸಿದ ಜಾಗ ಸರಿಯಿರಲಿಲ್ಲ. ಸೈನೈಡ್ ದಿಬ್ಬದ ಎದುರು ಡಬ್ಬಿ ಬಿಚ್ಚಿದೆವು. ಕಲ್ಲು ಅರೆದು, ಸೈನೈಡ್‌ನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಸುರಿದು ಸುರಿದೇ ಗುಡ್ಡವಾಗಿದೆ. ಗಾಳಿ ಬೀಸಿತು ನೋಡಿ, ರೊಟ್ಟಿಯ ಮೇಲೆಲ್ಲ ಬೂದು ಧೂಳು. ಅಮ್ಮ ಹದಿನಾಲ್ಕು ರೊಟ್ಟಿಯನ್ನೂ ಎಸೆದರು. ಅವರು ಅನ್ನ ಎಸೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಲ್ಲಿನ ಜನ ಇದೇ ಧೂಳಿನಲ್ಲಿ ದಿನಾ ಉಸಿರಾಡಬೇಕಲ್ಲ.

ವಾಪಸ್ ರೈಲಿನಲ್ಲಿ ಅಮ್ಮನಿಗೆ ಶಿವನಸಮುದ್ರದ ಕಥೆ ಹೇಳಿದೆ. 1902ರಲ್ಲೇ ಕಾವೇರಿ ನೀರಿನಿಂದ ವಿದ್ಯುತ್ ಮಾಡಿ, 140 ಕಿಲೋಮೀಟರಿಗೂ ದೂರ ತಂತಿ ಎಳೆದು ಕೆಜಿಎಫ್‌ಗೆ ಕೊಟ್ಟರು. ಬೆಂಗಳೂರಿಗೆ ಸಿಕ್ಕಿದ್ದೇ 1905ರಲ್ಲಿ.

“ಕಾವೇರಿ ಅಂದರೆ ನಮ್ಮ ಕಾವೇರಿಯಾ?”

“ಹೌದು, ತಲಕಾವೇರಿಯಿಂದ ಇಳಿದದ್ದೇ.”

ಅಮ್ಮ ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ನಮ್ಮ ಲೈನಿಗೆ ಕರೆಂಟು ಬಂದಾಗ ನಾನು ನಾಲ್ಕನೇ ಕ್ಲಾಸು. ಅಲ್ಲಿಯವರೆಗೆ ಚಿಮಣಿ ದೀಪ.

ಎರಡು ದಿನ ಬಿಟ್ಟು ಅಮ್ಮನನ್ನು ಊರಿಗೆ ಬಿಡಲು ಹೋದೆ. ಸುಂಟಿಕೊಪ್ಪದಲ್ಲಿ ಬಸ್ಸು ಇಳಿದಾಗ ರಾತ್ರಿ ಎಂಟು. ಕರೆಂಟಿಲ್ಲ. ಮನೆಯ ಬೀಗ ತೆಗೆದು, ಕತ್ತಲಲ್ಲೇ ಮೇಣದಬತ್ತಿ ತಡಕಾಡುತ್ತಾ ಅಮ್ಮ ಅಂದರು: “ಕೆಜಿಎಫ್‌ಗೆ ಹೋಗಿರಬೇಕು.”